ಡಿಸೈನ್ ಜರ್ನಲ್: ಮೊದಲ ಪುಟದ ಹೆಸರು ಅಳಿಸಿದರೆ ಸಾಕಾ?

ಪ್ರಶ್ನೆ: ಚನ್ನಪಟ್ಟಣದ ಗೊಂಬೆಗಳ ಬಗ್ಗೆ ಲೇಖನ ಬರೆದಿದ್ದೇನೆ. ಜರ್ನಲ್‌ನಲ್ಲಿ ಡಬಲ್ ಬ್ಲೈಂಡ್ ರಿವ್ಯೂ ಇದೆ, ಅಂದರೆ ಬರೆದವರು ಯಾರು ಅಂತ ರಿವ್ಯೂ ಮಾಡುವವರಿಗೂ, ರಿವ್ಯೂ ಮಾಡುವವರು ಯಾರು ಅಂತ ಬರೆದವರಿಗೂ ಗೊತ್ತಾಗಬಾರದು. ಆದರೆ ಫೋಟೋದಲ್ಲಿ ನಮ್ಮ ಕಾಲೇಜಿನ ಬೋರ್ಡೇ ಕಾಣುತ್ತದೆ! ಬೇಗ ಉತ್ತರ ಬರಲಿ ಅಂತ ಎರಡು ಕಡೆ ಕಳಿಸಬಹುದಾ?

ಉತ್ತರ 1: ಬೇಡವೇ ಬೇಡ. ಒಂದು ಕಡೆ ತಿರಸ್ಕರಿಸಿದ ಮೇಲೆ, ಇಲ್ಲವೇ ನೀವೇ ವಾಪಸ್ ಪಡೆದ ಮೇಲೆ ಮಾತ್ರ ಇನ್ನೊಂದು ಕಡೆ.

ಉತ್ತರ 2: ನಾನು ಇಂಥ ಲೇಖನಗಳನ್ನು ರಿವ್ಯೂ ಮಾಡುತ್ತೇನೆ. ಡಿಸೈನ್‌ನಲ್ಲಿ ಚಿತ್ರಗಳೇ ಗುಟ್ಟು ಬಿಟ್ಟುಕೊಡುತ್ತವೆ. ಬೋರ್ಡ್ ಕ್ರಾಪ್ ಮಾಡಿ. ಸ್ಕೆಚ್ ಮೂಲೆಯ ಸಹಿ, ವರ್ಡ್ ಫೈಲಿನ ಪ್ರಾಪರ್ಟೀಸ್‌ನಲ್ಲಿರುವ ಹೆಸರು, ‘ನಮ್ಮ ಹಿಂದಿನ ಲೇಖನದಲ್ಲಿ’ ಅನ್ನೋ ಸಾಲು, ಎಲ್ಲ ತೆಗೆಯಿರಿ. ಇದಕ್ಕಿಂತ ಮುಖ್ಯವಾದದ್ದು ಕುಶಲಕರ್ಮಿಗಳ ಒಪ್ಪಿಗೆ. ಮುಖ ಕಾಣುವ ಫೋಟೋ ಎಲ್ಲಿ ಅಚ್ಚಾಗುತ್ತದೆ ಅಂತ ಕನ್ನಡದಲ್ಲೇ ವಿವರಿಸಿ, ಆಮೇಲೆ ಸಹಿ ಕೇಳಿ. ಗೊಂಬೆಯ ವಿನ್ಯಾಸ ಅವರದ್ದಾದರೆ ಅವರದ್ದೇ ಅಂತ ಬರೆಯಿರಿ. ಅದನ್ನು ಬಿಟ್ಟ ಲೇಖನ ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್. ಲೇಖನ ಓದೇ ಇಲ್ಲದ ಹಿರಿಯರೊಬ್ಬರ ಹೆಸರೂ ಸೇರಿಸಬೇಕಂತೆ. ಏನು ಮಾಡಲಿ?

ಉತ್ತರ 2: ಕೆಲಸ ಮಾಡದವರು ಲೇಖಕರಲ್ಲ, ಅಲ್ವಾ? ನೆರವಾಗಿದ್ದರೆ ಕೃತಜ್ಞತೆಯಲ್ಲಿ ಹಾಕಿ. ಸಂಶೋಧನಾ ಪ್ರಕಟಣೆಯ ನೈತಿಕತೆಗಾಗಿ 1997ರಲ್ಲಿ ಶುರುವಾದ ‘ಕೋಪ್’ (COPE) ಸಂಸ್ಥೆಯ ಮಾರ್ಗಸೂಚಿಗಳು ಉಚಿತವಾಗಿ ಸಿಗುತ್ತವೆ. ಲೇಖಕರ ಹೆಸರಿನ ತಕರಾರಿನ ಭಾಗವನ್ನು ಪ್ರಿಂಟ್ ತೆಗೆದು ನಿಮ್ಮ ಗೈಡ್ (ಮಾರ್ಗದರ್ಶಕರ) ಮುಂದಿಡಿ. ಸಲ್ಲಿಸುವ ಮುಂಚೆಯೇ ಮಾತಾಡಿ, ಆಮೇಲೆ ಕಷ್ಟ ಜಾಸ್ತಿ.