ಸಹಾಯ ಬೇಕು: ತಾತನ ಡಬ್ಬಿಯಲ್ಲಿ ಒಂದು ಜೀವಂತ ಗುಂಡು

ನಮಸ್ಕಾರ. ಜಯನಗರದ ಮನೆಯ ಅಟ್ಟ ಕ್ಲೀನ್ ಮಾಡುವಾಗ ತಾತನ ಬಿಸ್ಕತ್ ಡಬ್ಬಿ ಸಿಕ್ಕಿತು. ಅವರಿಗೆ ಶೂಟಿಂಗ್ ಜೊತೆ ಖಾಲಿ ತೋಟಾ ಕೂಡಿಡುವ ಹುಚ್ಚೂ ಇತ್ತು. ಸಣ್ಣ ರೈಫಲ್ಲಿನ .22 ತೋಟಾ ಗುರುತಿಸಿದೆ. ಬಂದೂಕಿನ ಪಿನ್ ಏಟು ತಳದ ಅಂಚಿಗೇ ಬಿದ್ದಿದೆ, ಕಿಡಿ ಹೊತ್ತಿಸುವ ಮದ್ದು ಅಲ್ಲೇ ಇರೋದು. ಅದಕ್ಕೇ ಅದನ್ನು ಸಾಮಾನ್ಯವಾಗಿ ಯಾರೂ ಮನೆಯಲ್ಲಿ ಮತ್ತೆ ತುಂಬುವುದಿಲ್ಲ, ಅಲ್ವಾ? ಶಾಟ್‌ಗನ್ನಿನ 12 ಬೋರಿನದೂ ಸುಲಭ. ಇನ್ನೊಂದು ಹಿತ್ತಾಳೆಯದು, 56 ಮಿ.ಮೀ. ಉದ್ದ, ತಳದಲ್ಲಿ 'ಕೆಎಫ್'. ಪುಣೆಯ ಕಿರ್ಕೀ ಮದ್ದುಗುಂಡು ಕಾರ್ಖಾನೆಯ .303 ರೈಫಲ್ ತೋಟಾ ಇರಬೇಕು.

ತಲೆನೋವು ಬೇರೆ. ಒಂದು .303ಕ್ಕೆ ಗುಂಡು ಹಾಗೇ ಇದೆ, ತಳದ ಕಿಡಿ ಕ್ಯಾಪ್ ಮೇಲೆ ಪಿನ್ ಏಟೇ ಬಿದ್ದಿಲ್ಲ! ನನಗೆ ಲೈಸೆನ್ಸ್ ಇಲ್ಲ. ಮುಟ್ಟದೆ ಇಟ್ಟಿದ್ದೇನೆ. ಸ್ಟೇಷನ್ನಿಗೆ ನಾನೇ ಒಯ್ಯಬೇಕಾ, ಫೋನ್ ಮಾಡಿದರೆ ಅವರೇ ಬರುತ್ತಾರಾ? ರಸೀದಿ ಕೊಡುತ್ತಾರಾ? ಬೆಂಗಳೂರಿನಲ್ಲಿ ಹೀಗೆ ಒಪ್ಪಿಸಿದವರು ದಯವಿಟ್ಟು ತಿಳಿಸಿ. ಖಾಲಿಯವನ್ನೂ ಮಾರುವುದಿಲ್ಲ, ಸುಮ್ನೆ ಕೇಳಬೇಡಿ.