ದ್ವಿತೀಯ ಪಿಯುಸಿ ಭೌತಶಾಸ್ತ್ರ, ಜೀವಶಾಸ್ತ್ರ ಪ್ರಾಕ್ಟಿಕಲ್: ಕೈ ಪಳಗಿಸಿಕೊಳ್ಳುವುದು ಹೇಗೆ?

ಪ್ರಶ್ನೆ (ಮುದ್ದೇಬಿಹಾಳದಿಂದ, ವಿದ್ಯಾರ್ಥಿನಿಯ ಅಣ್ಣ)

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ನಮ್ಮ ತಾಲ್ಲೂಕಿನ ಕಾಲೇಜೊಂದರಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಭೌತಶಾಸ್ತ್ರ, ಜೀವಶಾಸ್ತ್ರ ಎರಡರಲ್ಲೂ ಪ್ರಾಯೋಗಿಕ ಪರೀಕ್ಷೆಗೆ ತಲಾ 30 ಅಂಕಗಳಿರುವುದರಿಂದ ಆಕೆಗೆ ಈಗಲೇ ಆತಂಕ ಶುರುವಾಗಿದೆ. ಓದಿನಲ್ಲಿ ಅವಳು ಹಿಂದೆ ಬಿದ್ದವಳಲ್ಲ. ರೆಕಾರ್ಡ್ ಪುಸ್ತಕವೂ ಅಚ್ಚುಕಟ್ಟಾಗಿದೆ. ಆದರೆ ಲ್ಯಾಬಿನಲ್ಲಿ ಒಂದೇ ಮೀಟರ್ ಬ್ರಿಜ್ಜಿನ (ತಂತಿಯ ರೋಧ ಅಳೆಯುವ ಉಪಕರಣದ) ಸುತ್ತ ಏಳೆಂಟು ಜನ ನಿಲ್ಲುತ್ತಾರೆ, ಇಬ್ಬರು ಪ್ರಯೋಗ ಮಾಡುತ್ತಾರೆ, ಉಳಿದವರು ರೀಡಿಂಗ್ ಬರೆದುಕೊಳ್ಳುತ್ತಾರೆ. ಸೂಕ್ಷ್ಮದರ್ಶಕದ್ದೂ ಅದೇ ಕಥೆ: ಮೊದಲೇ ಫೋಕಸ್ ಮಾಡಿಟ್ಟದ್ದನ್ನು ಸಾಲಿನಲ್ಲಿ ನಿಂತು ಇಣುಕಿ ಬರುವುದಷ್ಟೇ. ಪರೀಕ್ಷೆಯ ದಿನ ಎಲ್ಲವನ್ನೂ ಒಬ್ಬಳೇ ಮಾಡಬೇಕು. ಉಳಿದಿರುವ ವಾರಗಳಲ್ಲಿ ಮನೆಯಲ್ಲಿ ಏನನ್ನು ರೂಢಿ ಮಾಡಿಕೊಳ್ಳಬಹುದು, ಲ್ಯಾಬಿನಲ್ಲಿ ಸಿಗುವ ಸ್ವಲ್ಪ ಹೊತ್ತನ್ನು ಯಾವುದಕ್ಕೆ ಬಳಸಬೇಕು ಎಂದು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಬಾಗಲಕೋಟೆ, ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ)

ಲ್ಯಾಬಿನ ಹೊತ್ತನ್ನು ಸರ್ಕ್ಯೂಟ್ ಜೋಡಿಸುವುದಕ್ಕೆ ಮೀಸಲಿಡಲಿ. ಅದನ್ನು ಮನೆಯಲ್ಲಿ ಮಾಡಲಾಗುವುದಿಲ್ಲ. ಮಿಕ್ಕದ್ದರಲ್ಲಿ ಬಹಳಷ್ಟನ್ನು ಮಾಡಬಹುದು.

ಮೀಟರ್ ಬ್ರಿಜ್ ಜೋಡಿಸಿದ ಕೂಡಲೇ ಸಮತೋಲನ ಬಿಂದುವನ್ನು (ಗ್ಯಾಲ್ವನೋಮೀಟರಿನ ಮುಳ್ಳು ಸೊನ್ನೆಯಲ್ಲಿ ನಿಲ್ಲುವ ಜಾಗವನ್ನು) ಹುಡುಕಲು ಹೋಗಬಾರದು. ಜಾಕಿಯನ್ನು (ತಂತಿಗೆ ಮುಟ್ಟಿಸುವ ಲೋಹದ ಕಡ್ಡಿಯನ್ನು) ತಂತಿಯ ಎಡ ತುದಿಯ ಹತ್ತಿರ ಒಮ್ಮೆ, ಬಲ ತುದಿಯ ಹತ್ತಿರ ಒಮ್ಮೆ ಮುಟ್ಟಿಸಿ ನೋಡಬೇಕು. ಗ್ಯಾಲ್ವನೋಮೀಟರಿನ ಮುಳ್ಳು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿದರೆ ಜೋಡಣೆ ಸರಿ ಇದೆ; ಎರಡೂ ಸಲ ಒಂದೇ ಕಡೆ ವಾಲಿದರೆ ಎಲ್ಲೋ ಒಂದು ತಂತಿ ಬಿಟ್ಟಿದೆ ಅಥವಾ ರೆಸಿಸ್ಟೆನ್ಸ್ ಬಾಕ್ಸಿನ ಪ್ಲಗ್ ಸಡಿಲಾಗಿದೆ ಎಂದು ತಿಳಿಯಬೇಕು. ಬಹಳಷ್ಟು ಮಕ್ಕಳು ಇದನ್ನು ನೋಡದೆ ಜಾಕಿಯನ್ನು ತಂತಿಯ ಮೇಲೆ ಉಜ್ಜುತ್ತಾ ಹೋಗುತ್ತಾರೆ. ಉಜ್ಜಿದರೆ ತಂತಿ ಸವೆದು ಅದರ ದಪ್ಪ ಎಲ್ಲ ಕಡೆ ಒಂದೇ ಸಮನಾಗಿ ಉಳಿಯುವುದಿಲ್ಲ. ತಂತಿ ಒಂದೇ ಸಮನಾಗಿದೆ ಎಂಬ ನಂಬಿಕೆಯ ಮೇಲೆಯೇ ಇಡೀ ಪ್ರಯೋಗ ನಿಂತಿದೆ. ಜಾಕಿಯನ್ನು ಮುಟ್ಟಿಸಬೇಕು, ಎತ್ತಬೇಕು, ಸರಿಸಿ ಮತ್ತೆ ಮುಟ್ಟಿಸಬೇಕು. ಬಿಂದು 30ರಿಂದ 70 ಸೆಂಟಿಮೀಟರಿನ ನಡುವೆ ಬರುವಂತೆ ಬಾಕ್ಸಿನ ರೋಧವನ್ನು ಹೊಂದಿಸಿಕೊಳ್ಳಬೇಕು. ರೀಡಿಂಗ್ ತೆಗೆದುಕೊಳ್ಳುವಾಗ ಮಾತ್ರ ಕೀಲಿ ಹಾಕಬೇಕು. ಸುಮ್ಮನೆ ಹಾಕಿಟ್ಟರೆ ತಂತಿ ಬಿಸಿಯಾಗಿ ರೋಧ ಬದಲಾಗುತ್ತದೆ. ಏಕೆ ಎಂದು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳುತ್ತಾರೆ.

ಇದೇ ಪ್ರಯೋಗದಲ್ಲಿ ವಿಶಿಷ್ಟ ರೋಧ ಕಂಡುಹಿಡಿಯುವಾಗ ಹೆಚ್ಚಿನ ದೋಷ ಬರುವುದು ಬ್ರಿಜ್ಜಿನಿಂದಲ್ಲ, ತಂತಿಯ ದಪ್ಪ ಅಳೆಯುವ ಸ್ಕ್ರೂ ಗೇಜಿನಿಂದ. ರೋಧ ಕಂಡುಹಿಡಿಯಬೇಕಾದ ತಂತಿಯ ವ್ಯಾಸ 0.40 ಮಿಲಿಮೀಟರ್ ಎಂದುಕೊಳ್ಳಿ. ಗೇಜಿನ ಲೀಸ್ಟ್ ಕೌಂಟ್ (ಅದು ತೋರಿಸಬಲ್ಲ ಅತಿ ಸಣ್ಣ ಅಳತೆ) 0.01 ಮಿಲಿಮೀಟರ್ ಆದ್ದರಿಂದ ಒಂದು ಗೆರೆ ತಪ್ಪಿದರೆ ವ್ಯಾಸದಲ್ಲಿ ಶೇ 2.5ರಷ್ಟು ದೋಷ ಬರುತ್ತದೆ. ಸೂತ್ರದಲ್ಲಿ ತ್ರಿಜ್ಯದ ವರ್ಗ ಇರುವುದರಿಂದ ಉತ್ತರದಲ್ಲಿ ಅದು ಶೇ 5 ಆಗುತ್ತದೆ. ಆದ್ದರಿಂದ ಶೂನ್ಯ ದೋಷವನ್ನು (ನಡುವೆ ಏನೂ ಇಲ್ಲದಾಗಲೂ ಗೇಜು ತೋರಿಸುವ ಅಳತೆಯನ್ನು) ಮೊದಲು ನೋಡಿ ಬರೆದುಕೊಂಡು, ತಂತಿಯ ಮೂರು ನಾಲ್ಕು ಕಡೆ, ಪ್ರತಿ ಕಡೆಯೂ ಪರಸ್ಪರ ಲಂಬವಾದ ಎರಡು ದಿಕ್ಕಿನಲ್ಲಿ ಅಳೆಯಬೇಕು.

ಪೀನ ಮಸೂರದ ಪ್ರಯೋಗಕ್ಕೆ ಬೇಕಾದ ಪ್ಯಾರಲಾಕ್ಸ್ (ಕಣ್ಣು ಸರಿದಾಗ ವಸ್ತುಗಳು ಒಂದಕ್ಕೊಂದು ಸರಿದಂತೆ ಕಾಣುವುದು) ರೂಢಿಯನ್ನು ಎರಡು ಪೆನ್ಸಿಲ್‌ಗಳಿಂದಲೇ ಮಾಡಿಕೊಳ್ಳಬಹುದು. ಮೇಜಿನ ಮೇಲೆ ಒಂದರ ಹಿಂದೆ ಒಂದನ್ನು ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದರೆ, ಹತ್ತಿರದ್ದು ತಲೆಯ ವಿರುದ್ಧ ದಿಕ್ಕಿಗೆ ಸರಿದಂತೆ ಕಾಣುತ್ತದೆ. ಎರಡನ್ನೂ ಹತ್ತಿರ ತರುತ್ತಾ ಹೋದಂತೆ ಈ ಸರಿದಾಟ ಕಡಿಮೆಯಾಗುತ್ತದೆ. ಮಸೂರದ ಬದಲು ಭೂತಗನ್ನಡಿ ಸಾಕು: ಕಿಟಕಿಯಾಚೆಯ ಮರದ ಬಿಂಬವನ್ನು ಎದುರಿನ ಗೋಡೆಯ ಮೇಲೆ ಬೀಳಿಸಿ, ಗೋಡೆಗೂ ಗಾಜಿಗೂ ಇರುವ ಅಂತರವನ್ನು ಅಳೆದರೆ ಅಂದಾಜು ನಾಭಿದೂರ ಸಿಗುತ್ತದೆ. ಡಯೋಡ್ (ವಿದ್ಯುತ್ತನ್ನು ಮುಖ್ಯವಾಗಿ ಒಂದೇ ದಿಕ್ಕಿಗೆ ಹರಿಯಬಿಡುವ ಬಿಡಿಭಾಗ) ಪ್ರಯೋಗದಲ್ಲಿ ಮುಮ್ಮುಖ ಬಯಾಸಿಗೆ ಮಿಲಿ ಅಮ್ಮೀಟರ್, ಹಿಮ್ಮುಖಕ್ಕೆ ಮೈಕ್ರೋ ಅಮ್ಮೀಟರ್ ಎಂಬುದು ನೆನಪಿದ್ದರೆ ಅರ್ಧ ಕೆಲಸ ಮುಗಿದಂತೆ.

ಉತ್ತರ 2 (ವಿಜಯಪುರ, ಜೀವಶಾಸ್ತ್ರ ಉಪನ್ಯಾಸಕಿ)

ಸರ್ ಭೌತಶಾಸ್ತ್ರದ ಬಗ್ಗೆ ಹೇಳಿದ್ದಾರೆ, ನಾನು ಸ್ಲೈಡಿನ ಬಗ್ಗೆ ಹೇಳುತ್ತೇನೆ.

ನಮ್ಮ ಜಿಲ್ಲೆಯಲ್ಲಿ ಉಳ್ಳಾಗಡ್ಡಿಗೆ ಬರವಿಲ್ಲ, ಹಾಗಾಗಿ ಬೇರಿನ ತುದಿಯ ಕೋಶವಿಭಜನೆಯನ್ನು ಎಷ್ಟು ಸಲ ಬೇಕಾದರೂ ಮಾಡಿ ನೋಡಬಹುದು. ಗಡ್ಡೆಯ ಬುಡದಲ್ಲಿರುವ ಒಣ ಬೇರುಗಳನ್ನು ಬ್ಲೇಡಿನಿಂದ ಕೆರೆದು, ಬುಡ ಮಾತ್ರ ನೀರಿಗೆ ತಾಗುವಂತೆ ಲೋಟದ ಬಾಯಿಯ ಮೇಲೆ ಇಟ್ಟರೆ, ಕೆಲವು ದಿನಗಳಲ್ಲಿ ಎರಡು ಮೂರು ಸೆಂಟಿಮೀಟರ್ ಬೇರು ಬರುತ್ತದೆ. ತುದಿಗಳನ್ನು ಬೆಳಿಗ್ಗೆ ಕತ್ತರಿಸಿ, ಒಂದು ಪಾಲು ಗ್ಲೇಷಿಯಲ್ ಅಸಿಟಿಕ್ ಆಮ್ಲಕ್ಕೆ ಮೂರು ಪಾಲು ಆಲ್ಕೋಹಾಲ್ ಬೆರೆಸಿದ ದ್ರಾವಣದಲ್ಲಿ 24 ಗಂಟೆ ಇಡಬೇಕು. ಇದನ್ನು ಕಾಲೇಜಿನಲ್ಲೇ, ಉಪನ್ಯಾಸಕರ ಎದುರಿಗೇ ಮಾಡಬೇಕು.

ಹೆಚ್ಚಿನವರ ಸ್ಲೈಡಿನಲ್ಲಿ ವಿಭಜನೆ ಕಾಣದಿರುವುದಕ್ಕೆ ಕಾರಣ ಸರಳವಾದದ್ದು: ಅಸಿಟೋಕಾರ್ಮೈನ್ ಎಂಬ ಬಣ್ಣ ಹಾಕಿ ಬಿಸಿ ಮಾಡಿದ ಮೇಲೆ ಬೇರಿನ ಯಾವ ತುದಿಯನ್ನು ಉಳಿಸಿಕೊಳ್ಳಬೇಕೆಂದು ಗೊತ್ತಾಗದೆ ಕತ್ತರಿಸಿದ ಕಡೆಯ ತುಂಡನ್ನೇ ಉಳಿಸಿಕೊಳ್ಳುತ್ತಾರೆ. ಅಲ್ಲಿ ಇರುವುದು ಉದ್ದನೆಯ, ವಿಭಜನೆ ಮುಗಿಸಿದ ಕೋಶಗಳು. ಬಣ್ಣ ಗಾಢವಾಗಿ ಹಿಡಿದಿರುವ, ಚೂಪಾದ ತುದಿಯ 2ರಿಂದ 3 ಮಿಲಿಮೀಟರ್ ಮಾತ್ರ ನಮಗೆ ಬೇಕು. ಸ್ಪಿರಿಟ್ ದೀಪದ ಮೇಲೆ ಸ್ಲೈಡನ್ನು ಆಡಿಸುತ್ತಾ ಬಿಸಿ ಮಾಡಬೇಕು, ದ್ರವ ಕುದಿಯಲೂ ಬಾರದು, ಒಣಗಲೂ ಬಾರದು. ಕವರ್‌ಸ್ಲಿಪ್ಪಿನ ಮೇಲೆ ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ನೇರವಾಗಿ ಒತ್ತಬೇಕು. ಕವರ್‌ಸ್ಲಿಪ್ ಸ್ವಲ್ಪ ಜಾರಿದರೂ ಕೋಶಗಳು ಹೊಸೆದ ಬತ್ತಿಯಂತಾಗುತ್ತವೆ. ಕಾಣುವ ಕೋಶಗಳಲ್ಲಿ ಹೆಚ್ಚಿನವು ಇಂಟರ್‌ಫೇಸಿನಲ್ಲಿ (ವಿಭಜನೆ ಶುರುವಾಗದ ಹಂತದಲ್ಲಿ) ಇರುವುದು ಸಹಜ, ಮೆಟಾಫೇಸ್ (ವರ್ಣತಂತುಗಳು ಕೋಶದ ನಡುವೆ ಸಾಲಾಗಿ ನಿಲ್ಲುವ ಹಂತ) ಹುಡುಕಲು ತಾಳ್ಮೆ ಬೇಕು. ಮೊದಲು ಕಡಿಮೆ ಶಕ್ತಿಯ ಲೆನ್ಸಿನಲ್ಲಿ ಜಾಗ ಹಿಡಿದು, ಹೆಚ್ಚಿನ ಶಕ್ತಿಗೆ ತಿರುಗಿಸಿದ ಮೇಲೆ ಸಣ್ಣ ತಿರುಪನ್ನಷ್ಟೇ ಮುಟ್ಟಬೇಕು. ದೊಡ್ಡ ತಿರುಪಿಗೆ ಕೈ ಹಾಕಿದರೆ ಸ್ಲೈಡ್ ಒಡೆಯುತ್ತದೆ.

ಪರಾಗ ಮೊಳೆಯುವ ಪ್ರಯೋಗಕ್ಕೆ ಸದಾಪುಷ್ಪ ಒಳ್ಳೆಯದು, ಶೇ 10ರ ಸಕ್ಕರೆ ದ್ರಾವಣ ಬೇಕು. ನಮ್ಮ ಕಡೆಯ ಒಣ ಹವೆಯಲ್ಲಿ ಸ್ಲೈಡಿನ ಮೇಲಿನ ಹನಿ ಬೇಗ ಆರಿಬಿಡುತ್ತದೆ. ಒದ್ದೆ ಬ್ಲಾಟಿಂಗ್ ಪೇಪರ್ ಹಾಸಿದ ಪೆಟ್ರಿ ಡಿಶ್ಶಿನಲ್ಲಿ ಸ್ಲೈಡನ್ನು ಮುಚ್ಚಿಡಬೇಕು. ರಸ್ತೆ ಬದಿಯಲ್ಲಿ ಬೇಕಾದಷ್ಟಿದೆ ಎಂದು ಎಕ್ಕೆಯ ಹೂವನ್ನು ತರಬಾರದು, ಅದರ ಪರಾಗ ಬಿಡಿಯಾಗಿ ಉದುರದೆ ಗಂಟಾಗಿರುತ್ತದೆ. ಆದರೆ ಸ್ಪಾಟರ್‌ನಲ್ಲಿ (ಮಾದರಿಯನ್ನು ನೋಡಿ ಗುರುತಿಸಿ ಬರೆಯುವ ಭಾಗದಲ್ಲಿ) ಒಣನೆಲದ ಸಸ್ಯ ಬಂದರೆ ಎಕ್ಕೆ, ಪಾಪಾಸುಕಳ್ಳಿ ಎರಡೂ ಊರ ಹೊರಗೇ ಇವೆ. ಕೈಯಲ್ಲಿ ಹಿಡಿದು ನೋಡಿದವರು ಎಲೆಯ ಮೇಣದಂಥ ಲೇಪವನ್ನೂ, ಎಲೆಗಳೆಲ್ಲ ಮುಳ್ಳಾಗಿ ಕಾಂಡವೇ ಹಸಿರಾಗಿರುವುದನ್ನೂ ಬಾಯಿಪಾಠವಿಲ್ಲದೆ ಬರೆಯುತ್ತಾರೆ.

ಉತ್ತರ 3 (ಇಂಡಿ, ಹಳೆಯ ವಿದ್ಯಾರ್ಥಿ)

ಇಷ್ಟೆಲ್ಲ ಬೇಕೇ? ಸರಿಯಾದ ಉತ್ತರ ಎಷ್ಟು ಬರಬೇಕೆಂದು ಗೊತ್ತಿದ್ದರೆ ರೀಡಿಂಗ್‌ಗಳನ್ನು ಹಿಂದಿನಿಂದ ಲೆಕ್ಕ ಹಾಕಿ ಬರೆಯಬಹುದು. ಬಹಳಷ್ಟು ಜನ ಹಾಗೆಯೇ ಮಾಡುತ್ತಾರೆ.

ಉತ್ತರ 4 (ಬಾಗಲಕೋಟೆ, ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ)

ತಮ್ಮಾ, ಮಾಡುತ್ತಾರೆ, ಸಿಕ್ಕಿಯೂ ಬೀಳುತ್ತಾರೆ. ನಿಜವಾಗಿ ಅಳೆದವರ ನಾಭಿದೂರ 14.8, 15.2, 15.1 ಹೀಗೆ ಚದುರಿರುತ್ತದೆ. ಹಿಂದಿನಿಂದ ಬರೆದವರದ್ದು ಎಲ್ಲ ಸಾಲಿನಲ್ಲೂ 15.0 ಆಗಿರುತ್ತದೆ. ಅಂಥ ಕೋಷ್ಟಕ ಕಂಡರೆ ನಾನು ಒಂದೇ ಮಾತು ಹೇಳುತ್ತಿದ್ದೆ: ಮೂರನೆಯ ರೀಡಿಂಗನ್ನು ಮತ್ತೊಮ್ಮೆ ಹಿಡಿದು ತೋರಿಸಿ.

ಉತ್ತರ 5 (ಗೋಕಾಕ, ಪ್ರಯೋಗಾಲಯ ಸಹಾಯಕ)

ಜೋಡಣೆಗೆ ಬಳಸುವ ತಂತಿಯ ತುದಿಗಳನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿಕೊಳ್ಳದೆ ಯಾವ ಸರ್ಕ್ಯೂಟನ್ನೂ ಜೋಡಿಸಬಾರದು. ಸರ್ಕ್ಯೂಟ್ ನಡೆಯುತ್ತಿಲ್ಲ ಎಂದು ಬರುವ ದೂರುಗಳಲ್ಲಿ ಹೆಚ್ಚಿನವು ಅಲ್ಲಿಯೇ ಮುಗಿಯುತ್ತವೆ. ಇನ್ನೊಂದು ಮಾತು: ತರಗತಿ ಮುಗಿದ ಮೇಲೆ ಅರ್ಧ ಗಂಟೆ ಲ್ಯಾಬ್ ಬೇಕೆಂದು ವಿದ್ಯಾರ್ಥಿಗಳೇ ಬಂದು ಕೇಳಿದರೆ ನಮ್ಮಂಥವರು ಬೇಡವೆನ್ನುವುದು ಕಡಿಮೆ. ಇಬ್ಬರು ಸೇರಿ ಕೇಳಲಿ, ಒಬ್ಬರು ಮಾಡುವಾಗ ಇನ್ನೊಬ್ಬರು ಮುಟ್ಟದೆ ಬರೀ ನೋಡಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ತಂಗಿ ಕೇಳುತ್ತಿರುವ ಕೊನೆಯ ಪ್ರಶ್ನೆ: ಎಲ್ಲ ಸರಿಯಾಗಿ ಮಾಡಿಯೂ ಉತ್ತರ ಬಹಳ ದೂರ ಬಂದರೆ ಏನು ಮಾಡಬೇಕು?

ಉತ್ತರ 6 (ಬಾಗಲಕೋಟೆ, ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ)

ಮೊದಲು ಏಕಮಾನಗಳನ್ನು ನೋಡಲಿ. ಮಿಲಿಮೀಟರನ್ನು ಮೀಟರಿಗೆ ತಿರುಗಿಸುವಲ್ಲಿ, ವ್ಯಾಸವನ್ನು ತ್ರಿಜ್ಯವೆಂದು ಹಾಕಿದಲ್ಲಿ ತಪ್ಪಿರುವುದೇ ಹೆಚ್ಚು. ವ್ಯಾಸವನ್ನೇ ಹಾಕಿದ್ದರೆ ವಿಶಿಷ್ಟ ರೋಧ ಸರಿಯಾಗಿ ನಾಲ್ಕು ಪಟ್ಟು ಬರುತ್ತದೆ, ಹಾಗಾಗಿ ಅದು ತಕ್ಷಣ ಗೊತ್ತಾಗುತ್ತದೆ. ಲೆಕ್ಕ ಸರಿ ಇದ್ದರೆ ಒಂದು ರೀಡಿಂಗನ್ನು ಮಾತ್ರ ಮತ್ತೆ ತೆಗೆಯಲಿ. ಹೊಸದು ಬೇರೆ ಬಂದರೆ ಹಳೆಯದನ್ನು ಅಳಿಸದೆ, ಓದಲು ಬರುವಂತೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಬರೆಯಲಿ. ಮತ್ತೆ ಅದೇ ಬಂದರೆ ಉತ್ತರವನ್ನು ತಿದ್ದದೆ ಹಾಗೆಯೇ ಬರೆದು, ಉಪಕರಣವನ್ನು ಬಿಚ್ಚುವ ಮೊದಲು ಪರೀಕ್ಷಕರನ್ನು ಕರೆದು ತೋರಿಸಲಿ.