ಸ್ಮಾರ್ಟ್ ಕ್ಲಾಸ್, ಆ್ಯಪ್, ಗ್ರೂಪ್: ಶಿಕ್ಷಕರ ತಲೆಭಾರ ಇಳಿಸೋದು ಹೆಂಗ್ರಿ?

ಮುಖ್ಯಶಿಕ್ಷಕ, ಇಂಡಿ ತಾಲ್ಲೂಕು:
ನಮಸ್ಕಾರ್ರಿ. ಪ್ರೊಜೆಕ್ಟರ್ ಅದ, ಆದ್ರ ಕರೆಂಟ್ ಹೋದ್ರ ಪಾಠ ಅರ್ಧಕ್ಕ ನಿಲ್ತದ. ಎಸ್‌ಎಟಿಎಸ್ (ಮಕ್ಕಳ ಕಲಿಕಾ ದಾಖಲೆ), ಯುಡೈಸ್ (ಶಾಲಿ ಮಾಹಿತಿ), ಅಪಾರ್ (ವಿದ್ಯಾರ್ಥಿ ಐಡಿ) ಎಂಟ್ರಿ ಎಲ್ಲಾ ಒಬ್ಬರ ಮ್ಯಾಲೇ ಬೀಳ್ತಾವ. ರಾತ್ರಿ 10ಕ್ಕೂ ಗ್ರೂಪಿನ್ಯಾಗ 'ಅರ್ಜೆಂಟ್' ಅಂತ ಮೆಸೇಜ್. ಸಿಬ್ಬಂದಿ ಬ್ಯಾಸತ್ತಾರ. ಮೊದಲ ಯಾವುದಕ್ಕ ಕೈ ಹಾಕಬೇಕು?

ಹಾರ್ಡ್‌ವೇರ್ ಕೆಲಸದವ, ಬಾಗಲಕೋಟೆ:
ಮೊದಲು ಕರೆಂಟ್ ನೋಡ್ರಿ ಸರ್. 600 ವಿಎ ಯುಪಿಎಸ್ ಒಳಗಿರೋದು ಸಾಮಾನ್ಯವಾಗಿ 12 ವೋಲ್ಟ್, 7 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಕರೆಂಟ್ ಹಿಡೀತದ ಅನ್ನೋ ಅಳತೆ) ಬ್ಯಾಟರಿ. 250 ವ್ಯಾಟ್ ಪ್ರೊಜೆಕ್ಟರ್ ಹಚ್ಚಿದ್ರ ಹತ್ತು ನಿಮಿಷ ತಡದ್ರ ಹೆಚ್ಚು. ಅದು ಪಾಠ ಮುಗಸಾಕಲ್ಲ, ಲ್ಯಾಂಪ್ ತಣ್ಣಗಾಗಾಕ. ರಿಮೋಟಿನಿಂದ ಆಫ್ ಮಾಡಿ, ಫ್ಯಾನ್ ತಾನಾಗೇ ನಿಲ್ಲೋತನಕ ಪ್ಲಗ್ ಕೀಳಬ್ಯಾಡ್ರಿ. ಲ್ಯಾಪ್‌ಟಾಪಿಗೆ ಸ್ವಂತ ಬ್ಯಾಟರಿ ಅದ, ಅದನ್ನ ಯುಪಿಎಸ್‌ಗೆ ಹಚ್ಚೋದು ದಂಡ.

ನಡುಪಾಠದಾಗ ತಾನಾಗೇ ಆಫ್ ಆದ್ರ ಬಹಳಷ್ಟು ಸಲ ಕೆಟ್ಟಿರೂದಿಲ್ಲ; ಫಿಲ್ಟರಿಗೆ ಧೂಳು ಕೂತು ಕಾದಿರ್ತದ. ಬ್ಯಾಸಗ್ಯಾಗ ತಿಂಗಳಿಗೊಮ್ಮೆ ಒಣ ಬ್ರಷ್ ಆಡಸ್ರಿ. ಪರದೆ ಮ್ಯಾಲ ಚಿತ್ರ ಬರಲಿಲ್ಲಂದ್ರ ವಿಂಡೋಸ್ ಕೀ ಜೊತೆ ಪಿ ಒತ್ತಿ 'ಡೂಪ್ಲಿಕೇಟ್' ಆರಿಸ್ರಿ. ದೀಕ್ಷಾ (ಸರ್ಕಾರದ ಕಲಿಕಾ ಆ್ಯಪ್) ವಿಡಿಯೋ ಹಿಂದಿನ ದಿನಾನೇ ಇಳಿಸಿಕೊಂಡಿಟ್ರ ನೆಟ್‌ವರ್ಕಿನ ಕಾಟ ಇಲ್ಲ.

ಶಿಕ್ಷಕಿ, ಚಿಕ್ಕೋಡಿ:
ನನ್ನ ಪ್ರಕಾರ ಸುಸ್ತಿಗೆ ಕಾರಣ ಪರದೆ ಅಲ್ಲ, ಒಂದೇ ಮಾಹಿತಿಯನ್ನು ಎರಡೆರಡು ಸಲ ತುಂಬೋದು. ಕಾಗದದ ನಮೂನೆಯ ಕಾಲಂಗಳನ್ನು ಪೋರ್ಟಲ್ ಪರದೆಯ ಕ್ರಮದಲ್ಲೇ ಗೆರೆ ಹಾಕಿಸಿ, ಹುಡುಕಾಟ ತಪ್ಪುತ್ತದೆ. ಅಪಾರ್ ತಿರಸ್ಕಾರ ಆಗೋದು ಹೆಚ್ಚಾಗಿ ಶಾಲಾ ದಾಖಲೆಯ ಹೆಸರು ಆಧಾರ್ ಜೊತೆ ಹೊಂದದೇ ಇದ್ದಾಗ: ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಪೂರ್ತಿ ಅಡ್ಡಹೆಸರು. ಎಂಟ್ರಿಗೆ ಕೂಡುವ ಮೊದಲೇ ಎರಡನ್ನೂ ತಾಳೆ ನೋಡಿ, ಹೊಂದದವನ್ನು ಬೇರೆ ಮಾಡಿ ಪಾಲಕರಿಗೆ ಒಂದೇ ಸಲ ಹೇಳಿಕಳಿಸಿ. ಕೊನೇ ದಿನಕ್ಕೆ ಬಿಟ್ಟರೆ ಸರ್ವರ್ ಮುಂದೆ ಜಾಗರಣೆ ಗ್ಯಾರಂಟಿ.

ಶಾಲಾ ಗ್ರೂಪನ್ನು 'ಅಡ್ಮಿನ್ ಮಾತ್ರ' ಮಾಡಿ, ಸಂಜೆ 6ರ ನಂತರ ನೀವೂ ಏನೂ ಹಾಕಬೇಡಿ ಸರ್. ಮೇಲಧಿಕಾರಿಗಳ ಗ್ರೂಪ್ ನಮ್ಮ ಕೈಯಲ್ಲಿಲ್ಲ, ಅದನ್ನು ನೀವೊಬ್ಬರೇ ನೋಡಿದರೆ ಸಾಕು.

ಆಪ್ತಸಮಾಲೋಚಕ, ವಿಜಯಪುರ:
ಸುಸ್ತು ಬೇರೆ, ಬರ್ನ್‌ಔಟ್ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣ ಪಟ್ಟಿ ಐಸಿಡಿ-11ರಲ್ಲಿ ಅದನ್ನು ರೋಗ ಎನ್ನದೆ, ನಿಭಾಯಿಸಲಾಗದ ಕೆಲಸದ ಒತ್ತಡದ ಫಲ ಎಂದಿದೆ. ಲಕ್ಷಣ ಮೂರು: ತೀರಾ ಬಳಲಿಕೆ, ಕೆಲಸದ ಬಗ್ಗೆ ತಾತ್ಸಾರ, 'ನನ್ನಿಂದೇನೂ ಆಗ್ತಿಲ್ಲ' ಎಂಬ ಭಾವ. ರಜೆ ಮುಗಿದು ಬಂದ ವಾರದಲ್ಲೇ ಇವು ಮರಳಿದರೆ ಕೆಲಸದ ಹಂಚಿಕೆಯನ್ನೇ ಬದಲಿಸಬೇಕು; ಎಂಟ್ರಿಯನ್ನು ತರಗತಿವಾರು ಹಂಚಿ. ನಿದ್ದೆಗೆಟ್ಟವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ನಂಬರ್ 14416 ಕೊಡಿ. ಉಚಿತ, ಕನ್ನಡದಲ್ಲೂ ಮಾತಾಡ್ತಾರೆ.

ಮುಖ್ಯಶಿಕ್ಷಕ, ಇಂಡಿ ತಾಲ್ಲೂಕು:
ಯುಪಿಎಸ್ ಬದ್ಲಿ ಇನ್ವರ್ಟರ್ ಕೂಡಿಸಿದ್ರ?

ಹಾರ್ಡ್‌ವೇರ್ ಕೆಲಸದವ, ಬಾಗಲಕೋಟೆ:
12 ವೋಲ್ಟ್, 150 ಎಎಚ್ ಬ್ಯಾಟರಿಗೆ ಅದೇ ಪ್ರೊಜೆಕ್ಟರ್ ನಾಕು ತಾಸು ನಡೀತದ. ಪ್ಯೂರ್ ಸೈನ್ ವೇವ್ (ಲೈನ್ ಕರೆಂಟಿನಂಗ ನಯವಾದ ಕರೆಂಟ್ ಕೊಡೋ) ಇನ್ವರ್ಟರೇ ತಗೋರಿ.